ಅಮೆರಿಕದ ವೋಟರ್ ಮನಸ್ಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಅಮೆರಿಕದಲ್ಲಿ ಯಾರು ಯಾಕೆ ಗೆದ್ರು ಅಂತ ಟಿವಿಯಲ್ಲಿ ಹೇಳೋ ಕಾರಣಕ್ಕೂ, ಅಲ್ಲಿನ ರಾಜ್ಯಶಾಸ್ತ್ರದ ಸಂಶೋಧಕರು ಜನರ ಮಧ್ಯೆ ಹೋಗಿ ಪರೀಕ್ಷೆ ಮಾಡಿ ಕಂಡುಕೊಂಡಿರೋದಕ್ಕೂ ಬಹಳ ಅಂತರ ಇದೆ ಅಂತ. ಅದಕ್ಕೆ ಬಂದ ಪತ್ರ, ಮೆಸೇಜು ಎಷ್ಟಿದ್ವು ಅಂದ್ರೆ ಈ ಸಲ ಬೇರೆ ವಿಷಯ ಎಲ್ಲಾ ಪಕ್ಕಕ್ಕಿಟ್ಟು ಅದನ್ನೇ ತಗೊಂಡಿದೀನಿ.

ಪ್ರಶ್ನೆ: ಸಾರ್, ನಮ್ಮ ಕ್ಲಾಸಲ್ಲಿ ಸಂವಿಧಾನ, ಪ್ಲೇಟೋ, ಅರಿಸ್ಟಾಟಲ್ ಇಷ್ಟೇ ಪಾಠ. ಅಮೆರಿಕದಲ್ಲಿ ವೋಟರ್‌ಗಳ ಮೇಲೆ ಪ್ರಯೋಗ ಮಾಡ್ತಾರೆ ಅಂತ ಬರೆದಿದ್ರಿ. ಜನರ ಮೇಲೆ ಪ್ರಯೋಗ ಹೇಗೆ ಮಾಡೋಕಾಗತ್ತೆ? (ಬಿಎ ವಿದ್ಯಾರ್ಥಿನಿ, ಮೈಸೂರು)

ಆಗತ್ತೆ ಕಣಮ್ಮ, ತುಂಬಾ ಚೆನ್ನಾಗಿ ಆಗತ್ತೆ. ಔಷಧಿ ಕೆಲಸ ಮಾಡತ್ತಾ ಇಲ್ವಾ ಅಂತ ನೋಡೋಕೆ ಡಾಕ್ಟರ್‌ಗಳು ಏನು ಮಾಡ್ತಾರೋ ಅದೇ ವಿಧಾನ. ಒಂದು ದೊಡ್ಡ ಪಟ್ಟಿ ತಗೋಬೇಕು, ಅದರಲ್ಲಿ ಚೀಟಿ ಎತ್ತಿದ ಹಾಗೆ ಕೆಲವರನ್ನ ಆರಿಸಿ ಅವರಿಗೆ ಮಾತ್ರ ಪತ್ರ ಹಾಕೋದೋ ಮನೆಗೆ ಹೋಗೋದೋ ಮಾಡಬೇಕು, ಉಳಿದವರನ್ನ ಸುಮ್ಮನೆ ಬಿಡಬೇಕು, ಆಮೇಲೆ ಎರಡೂ ಗುಂಪಲ್ಲಿ ಎಷ್ಟೆಷ್ಟು ಜನ ವೋಟ್ ಹಾಕಿದ್ರು ಅಂತ ಎಣಿಸಬೇಕು. ಹಿಂಗೆ ಮಾಡೋಕೆ ಅಲ್ಲಿ ಒಂದು ಅನುಕೂಲ ಇದೆ. ಯಾರು ಯಾರಿಗೆ ವೋಟ್ ಹಾಕಿದ್ರು ಅನ್ನೋದು ಗುಟ್ಟು, ಆದ್ರೆ ಯಾರು ಬೂತಿಗೆ ಬಂದ್ರು ಯಾರು ಬರಲಿಲ್ಲ ಅನ್ನೋದು ಸರ್ಕಾರಿ ದಾಖಲೆ, ಸಂಶೋಧಕರಿಗೆ ಸಿಗತ್ತೆ.

ಇದು ಹೊಸದೇನಲ್ಲ. 1924ರಲ್ಲೇ ಶಿಕಾಗೋದಲ್ಲಿ ಹ್ಯಾರಲ್ಡ್ ಗಾಸ್ನೆಲ್ ಅನ್ನೋರು ಕೆಲವು ಬೀದಿಯವರಿಗೆ ವೋಟ್ ಹಾಕಿ ಅಂತ ನೆನಪಿಸೋ ಕಾರ್ಡ್ ಕಳಿಸಿ, ಕೆಲವು ಬೀದಿಯವರಿಗೆ ಕಳಿಸದೆ ಹೋಲಿಸಿ ನೋಡಿದ್ರು. ಆಮೇಲೆ ಬಹಳ ವರ್ಷ ಈ ದಾರಿಯಲ್ಲಿ ನಡೆದವರು ಕಡಿಮೆ. 1998ರಲ್ಲಿ ಯೇಲ್ ಯೂನಿವರ್ಸಿಟಿಯ ಆಲನ್ ಗರ್ಬರ್ ಮತ್ತೆ ಡೊನಾಲ್ಡ್ ಗ್ರೀನ್ ತಮ್ಮ ಊರು ನ್ಯೂ ಹೇವನ್‌ನಲ್ಲೇ ಸುಮಾರು 30,000 ವೋಟರ್‌ಗಳನ್ನ ತಗೊಂಡು ಮತ್ತೆ ಶುರು ಮಾಡಿದ್ರು. ಕೆಲವರಿಗೆ ಪೋಸ್ಟ್, ಕೆಲವರಿಗೆ ಫೋನ್, ಕೆಲವರ ಮನೆ ಬಾಗಿಲಿಗೆ ಮನುಷ್ಯರೇ ಹೋಗೋದು. ಫೋನಿಂದ ಏನೂ ಉಪಯೋಗ ಆಗಲಿಲ್ಲ, ಪೋಸ್ಟಿಂದ ಸ್ವಲ್ಪ ಆಯ್ತು, ಬಾಗಿಲಿಗೆ ಹೋಗಿ ಮುಖ ನೋಡಿ ಮಾತಾಡಿದವರಲ್ಲಿ ಮಾತ್ರ ಮತದಾನ ಹೆಚ್ಚೂ ಕಡಿಮೆ 9 ಪರ್ಸೆಂಟೇಜ್ ಪಾಯಿಂಟ್ ಏರಿತು. ಆ ಹೊತ್ತಿಗೆ ಪಾರ್ಟಿಗಳು ಮನೆ ಮನೆ ಓಡಾಟ ಬಿಟ್ಟು ಫೋನು, ಟಿವಿ ಅಂತ ದುಡ್ಡು ಸುರೀತಿದ್ದ ಕಾಲ, ಅದಕ್ಕೇ ಈ ಪ್ರಬಂಧ ಅಷ್ಟು ಸದ್ದು ಮಾಡಿದ್ದು.

ಆದ್ರೆ ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳೋದು 2006ರ ಮಿಷಿಗನ್ ಪ್ರಯೋಗ. ಆಗಸ್ಟ್‌ನಲ್ಲಿ ಒಂದು ಪ್ರೈಮರಿ ಚುನಾವಣೆ, ಅಂದ್ರೆ ಪಾರ್ಟಿ ಕ್ಯಾಂಡಿಡೇಟ್ ಯಾರು ಅಂತ ಆರಿಸೋ ಚುನಾವಣೆ, ಜನಕ್ಕೆ ಅಷ್ಟು ಆಸಕ್ತಿ ಇರಲ್ಲ. ಗರ್ಬರ್, ಗ್ರೀನ್ ಜೊತೆಗೆ ಕ್ರಿಸ್ಟೋಫರ್ ಲಾರಿಮರ್ ಸೇರಿ ನಾಲ್ಕು ಥರದ ಪತ್ರ ಬರೆಸಿ, ಒಂದೊಂದನ್ನ ಸುಮಾರು 20,000 ಮನೆಗೆ ಕಳಿಸಿದ್ರು. ಮೊದಲನೇದು, ವೋಟ್ ಹಾಕೋದು ನಿಮ್ಮ ಕರ್ತವ್ಯ ಅಂತ ಅಷ್ಟೇ. ಎರಡನೇದು, ನೀವು ವೋಟ್ ಹಾಕ್ತೀರಾ ಇಲ್ವಾ ಅಂತ ನಾವು ನೋಡ್ತಿದೀವಿ ಅಂತ. ಮೂರನೇದರಲ್ಲಿ ಆ ಮನೇಲಿರೋರ ಹೆಸರು, ಪ್ರತಿ ಹೆಸರಿನ ಮುಂದೆ 2004ರ ಎರಡು ಚುನಾವಣೇಲಿ ವೋಟ್ ಹಾಕಿದಾರಾ ಇಲ್ವಾ ಅಂತ ಕಾಲಂ. ನಾಲ್ಕನೇದರಲ್ಲಿ ಅದರ ಜೊತೆಗೆ ಅಕ್ಕಪಕ್ಕದ ಮನೆಯವರ ಹೆಸರು, ಅವರ ಕಾಲಂ ಕೂಡ, ಕೆಳಗೆ ಒಂದು ಸಾಲು, ಚುನಾವಣೆ ಆದಮೇಲೆ ಈ ಪಟ್ಟೀನ ಸರಿ ಮಾಡಿ ನಿಮಗೂ ನಿಮ್ಮ ನೆರೆಯವರಿಗೂ ಮತ್ತೆ ಕಳಿಸ್ತೀವಿ ಅಂತ. ಅಂದ್ರೆ ಎದುರು ಮನೆ ಆಂಟಿಗೆ ನೀವು ವೋಟ್ ಹಾಕಲಿಲ್ಲ ಅನ್ನೋದು ಗೊತ್ತಾಗತ್ತೆ!

ಏನೂ ಪತ್ರ ಸಿಗದವರಲ್ಲಿ 29.7 ಪರ್ಸೆಂಟ್ ಬಂದು ವೋಟ್ ಹಾಕಿದ್ರು. ಕರ್ತವ್ಯದ ಪತ್ರಕ್ಕೆ 31.5, ನೋಡ್ತಿದೀವಿ ಅನ್ನೋದಕ್ಕೆ 32.2, ಮನೆಯವರ ಪಟ್ಟಿಗೆ 34.5, ನೆರೆಹೊರೆ ಪಟ್ಟಿಗೆ 37.8. ಒಂದೇ ಒಂದು ಕಾಗದಕ್ಕೆ 8 ಪಾಯಿಂಟ್ ಏರಿಕೆ. ದೇಶ, ಪ್ರಜಾಪ್ರಭುತ್ವ, ಹಕ್ಕು ಅಂತ ಬರೆದ ಕಾಗದಕ್ಕೆ 2 ಪಾಯಿಂಟೂ ಬರಲಿಲ್ಲ, ನಾಲ್ಕು ಜನ ಏನಂತಾರೆ ಅನ್ನೋದು ಅದರ ನಾಲ್ಕು ಪಟ್ಟು ಕೆಲಸ ಮಾಡ್ತು. ಇದು ಸಿಟ್ಟು ತರಿಸೋ ಪತ್ರ ಕೂಡ ಹೌದು, ಅದಕ್ಕೇ ಪಾರ್ಟಿಗಳು ಇದನ್ನ ಹಾಗೇ ಎತ್ತಿ ಬಳಸೋಕೆ ಹಿಂಜರೀತಾರೆ, ಮೆತ್ತಗೆ ಮಾಡಿ ಬಳಸ್ತಾರೆ. ನನ್ನ ಮಟ್ಟಿಗೆ ಜನರ ಖಾಸಗಿತನದ ದೃಷ್ಟಿಯಿಂದ ಇಂಥ ಪತ್ರ ಕಳಿಸೋದು ಸರಿ ಅನ್ಸಲ್ಲ, ಆದ್ರೆ ಮನುಷ್ಯ ಯಾಕೆ ವೋಟ್ ಹಾಕ್ತಾನೆ ಅನ್ನೋದರ ಬಗ್ಗೆ ಅದು ಕಲಿಸಿದಷ್ಟು ಬೇರೆ ಯಾವುದೂ ಕಲಿಸಿಲ್ಲ.

ಪ್ರಶ್ನೆ: ಅಲ್ಲಿ ಪ್ರಚಾರಕ್ಕೆ ಕೋಟಿ ಕೋಟಿ ಡಾಲರ್ ಖರ್ಚು ಮಾಡ್ತಾರೆ, ಜಾಹೀರಾತು ನೋಡಿ ಜನ ಮನಸ್ಸು ಬದಲಾಯಿಸ್ತಾರಾ? (ನಿವೃತ್ತ ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಸಾರ್, ಇದಕ್ಕೆ ಸಿಕ್ಕಿರೋ ಉತ್ತರ ಕೇಳಿದ್ರೆ ದುಡ್ಡು ಕೊಟ್ಟವರು ತಲೆ ಮೇಲೆ ಕೈ ಹೊತ್ಕೋಬೇಕು. ಜೋಶುವಾ ಕಲ್ಲಾ, ಡೇವಿಡ್ ಬ್ರೂಕ್‌ಮನ್ ಅನ್ನೋ ಇಬ್ಬರು 2018ರಲ್ಲಿ 49 ಪ್ರಯೋಗಗಳನ್ನ ಒಟ್ಟಿಗೆ ಹಾಕಿ ಲೆಕ್ಕ ಮಾಡಿದ್ರು. ನೇರ ಮುಖ್ಯ ಚುನಾವಣೇಲಿ, ಎರಡೂ ಪಾರ್ಟಿ ಹೆಸರು ಎದುರಿಗೆ ಇರುವಾಗ, ಮನೆಗೆ ಹೋಗೋದು, ಫೋನು, ಪೋಸ್ಟು, ಜಾಹೀರಾತು ಇವೆಲ್ಲಾ ಸೇರಿ ಎಷ್ಟು ಜನರ ಆಯ್ಕೆ ಬದಲಾಗತ್ತೆ ಅಂದ್ರೆ, ಅವರ ಅಂದಾಜು ಸರಾಸರಿ ಸೊನ್ನೆ. ಕಡಿಮೆ ಅಲ್ಲ, ಸೊನ್ನೆ. ಚುನಾವಣೆಗೆ ಬಹಳ ಮುಂಚೆ ಮಾಡಿದ್ರೆ ಸ್ವಲ್ಪ ಪರಿಣಾಮ ಕಾಣತ್ತೆ, ಆದ್ರೆ ವೋಟಿನ ದಿನ ಬರೋ ಹೊತ್ತಿಗೆ ಅದು ಇಳಿದು ಹೋಗಿರತ್ತೆ. ಪ್ರೈಮರಿಗಳಲ್ಲಿ ಕಥೆ ಬೇರೆ, ಅಲ್ಲಿ ಎಲ್ಲರೂ ಒಂದೇ ಪಾರ್ಟಿಯವರಾದ್ದರಿಂದ ಮನಸ್ಸು ಬದಲಾಗತ್ತೆ.

ಜಾಹೀರಾತಿನ ಬಗ್ಗೆ ಇನ್ನೊಂದು ಒಳ್ಳೆ ಉದಾಹರಣೆ ಟೆಕ್ಸಾಸ್‌ದು. 2006ರಲ್ಲಿ ಗವರ್ನರ್ ಆಗಿದ್ದ ರಿಕ್ ಪೆರಿ ಮತ್ತೆ ಆರಿಸಿ ಬರೋಕೆ ನಿಂತಿದ್ರು, ಅವರ ತಂಡ ಧೈರ್ಯ ಮಾಡಿ ಸಂಶೋಧಕರನ್ನ ಒಳಗೆ ಬಿಟ್ಟುಕೊಂಡು ಸುಮಾರು 20 ಲಕ್ಷ ಡಾಲರ್‌ನ ಜಾಹೀರಾತು ಯಾವ ಊರಲ್ಲಿ ಯಾವ ವಾರ ಬರಬೇಕು ಅನ್ನೋದನ್ನ ಲಾಟರಿ ಮೇಲೆ ಬಿಟ್ಟರು. ಜಾಹೀರಾತು ಬಂದ ವಾರ ಬೆಂಬಲ ಚೆನ್ನಾಗೇ ಏರ್ತು, ಒಂದೆರಡು ವಾರದಲ್ಲಿ ಅದರ ಗುರುತೇ ಇರಲಿಲ್ಲ. ನಡೀತಿರೋ ಪ್ರಚಾರವೊಂದು ತನ್ನನ್ನೇ ಹೀಗೆ ಪರೀಕ್ಷೆಗೆ ಒಡ್ಡಿಕೊಂಡಿದ್ದು ನಿಜಕ್ಕೂ ದೊಡ್ಡ ಮಾತು, ಎಲ್ಲಾ ದೇಶದ ಪಾರ್ಟಿಗಳೂ ಒಮ್ಮೆ ಮಾಡಬೇಕು ಅನ್ಸತ್ತೆ.

ಯಾಕೆ ಬದಲಾಗಲ್ಲ ಅಂತ ಕೇಳಿದ್ರೆ ಮಿಷಿಗನ್ ಯೂನಿವರ್ಸಿಟಿಯವರು 1948ರಿಂದ ನಡೆಸಿಕೊಂಡು ಬಂದಿರೋ ಸರ್ವೇ ಕಡೆ ನೋಡಬೇಕು. 1950ರ ದಶಕದ ಆ ಸರ್ವೇಗಳಿಂದ ಗೊತ್ತಾದ ದೊಡ್ಡ ವಿಷಯ ಏನಂದ್ರೆ, ಹೆಚ್ಚಿನ ಜನಕ್ಕೆ ಪಾರ್ಟಿ ಅನ್ನೋದು ನೀತಿ ಕಾರ್ಯಕ್ರಮ ತೂಗಿ ನೋಡಿ ಆರಿಸಿಕೊಂಡಿದ್ದಲ್ಲ, ಅಪ್ಪ ಅಮ್ಮನಿಂದ ಬಂದಿರೋದು, ಬೆಳೆದ ಮನೆ, ಚರ್ಚು, ಊರು ಇವುಗಳ ಜೊತೆ ಅಂಟಿಕೊಂಡಿರೋದು. ಫಿಲಿಪ್ ಕಾನ್ವರ್ಸ್ 1964ರಲ್ಲಿ ಇನ್ನೂ ಖಾರವಾಗಿ ತೋರಿಸಿದ್ರು, ಲಿಬರಲ್ ಕನ್ಸರ್ವೇಟಿವ್ ಅಂತ ಪೇಪರಿನವರು ಬರೀತಾರಲ್ಲ, ಆ ಥರ ಒಂದು ಸಿದ್ಧಾಂತದ ಚೌಕಟ್ಟಲ್ಲಿ ಯೋಚನೆ ಮಾಡೋ ಮತದಾರರು ಬಹಳ ಕಮ್ಮಿ, ಎರಡು ವರ್ಷ ಬಿಟ್ಟು ಅದೇ ಜನಕ್ಕೆ ಅದೇ ಪ್ರಶ್ನೆ ಕೇಳಿದ್ರೆ ಎಷ್ಟೋ ಜನ ಉಲ್ಟಾ ಉತ್ತರ ಕೊಡ್ತಾರೆ, ಆದ್ರೆ ಪಾರ್ಟಿ ಯಾವುದು ಅಂತ ಕೇಳಿದ್ರೆ ಉತ್ತರ ಅಲ್ಲಾಡಲ್ಲ.

ಇಷ್ಟಾದ್ರೂ ಮಾತಿಗೆ ಬೆಲೆ ಇಲ್ಲ ಅಂತ ಅನ್ಕೋಬೇಡಿ. ಇದರಲ್ಲಿ ಒಂದು ಕಥೆ ಇದೆ, ಹೇಳಲೇಬೇಕು. 2014ರಲ್ಲಿ ಸೈನ್ಸ್ ಪತ್ರಿಕೇಲಿ ಒಂದು ಪ್ರಬಂಧ ಬಂತು, ಲಾಸ್ ಏಂಜಲೀಸ್‌ನಲ್ಲಿ ಸಲಿಂಗಿ ಕಾರ್ಯಕರ್ತರು ಮನೆಗೆ ಹೋಗಿ 20 ನಿಮಿಷ ಮಾತಾಡಿದ್ರೆ ಸಲಿಂಗ ಮದುವೆ ಬಗ್ಗೆ ಜನರ ಅಭಿಪ್ರಾಯ ಖಾಯಂ ಆಗಿ ಬದಲಾಗತ್ತೆ ಅಂತ. ಜಗತ್ತೇ ಕೊಂಡಾಡ್ತು. ಬರೆದ ಇಬ್ಬರಲ್ಲಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ, ಇನ್ನೊಬ್ಬರು ಮೇಲೆ ಹೇಳಿದ ಅದೇ ಡೊನಾಲ್ಡ್ ಗ್ರೀನ್. ಬ್ರೂಕ್‌ಮನ್ ಮತ್ತೆ ಕಲ್ಲಾ ಅದೇ ಕೆಲಸಾನ ಮಯಾಮಿಯಲ್ಲಿ ಮಾಡೋಣ ಅಂತ ಹೊರಟಾಗ ಲೆಕ್ಕ ಕೂಡಿ ಬರಲಿಲ್ಲ, ಅಂಕಿಗಳು ಅನುಮಾನ ಬರೋಷ್ಟು ನಯವಾಗಿದ್ವು, ಸರ್ವೇ ಮಾಡಿದ್ದು ಅಂತ ಹೇಳಿದ್ದ ಕಂಪನಿಗೆ ಫೋನ್ ಮಾಡಿದ್ರೆ ಅವರಿಗೆ ಈ ವಿಷಯವೇ ಗೊತ್ತಿರಲಿಲ್ಲ. ಅವರು ಕಂಡಿದ್ದನ್ನ ಮೊದಲು ಗ್ರೀನ್‌ಗೇ ತಿಳಿಸಿದ್ರು, ಗ್ರೀನ್ ಆ ಪ್ರಬಂಧ ವಾಪಸ್ ತಗೊಳ್ಳಿ ಅಂತ ತಾವೇ ಪತ್ರಿಕೆಗೆ ಬರೆದ್ರು, 2015ರ ಮೇನಲ್ಲಿ ಪತ್ರಿಕೆ ಅದನ್ನ ಹಿಂತೆಗೆದುಕೊಳ್ತು. ಇಷ್ಟಕ್ಕೇ ನಿಂತಿದ್ರೆ ಬರೀ ಮೋಸದ ಕಥೆ ಆಗ್ತಿತ್ತು. ಆದ್ರೆ ಇಬ್ಬರೂ ಮಯಾಮಿ ಪ್ರಯೋಗ ಬಿಡಲಿಲ್ಲ, ಪ್ರಾಮಾಣಿಕವಾಗಿ ಮುಗಿಸಿ 2016ರಲ್ಲಿ ಪ್ರಕಟಿಸಿದ್ರು. ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಸುಮಾರು 10 ನಿಮಿಷದ ಮಾತುಕತೆ. ಭಾಷಣ ಅಲ್ಲ. ನಿಮ್ಮನ್ನ ಯಾರಾದ್ರೂ ಬೇರೆ ಥರ ಇದೀರಾ ಅಂತ ಕೀಳಾಗಿ ನೋಡಿದ್ದು ನೆನಪಿದೆಯಾ, ಹೇಳಿ ಅಂತ ಕೇಳೋದು, ಅವರು ಹೇಳಿದ್ದನ್ನ ಸುಮ್ಮನೆ ಕೇಳಿಸ್ಕೊಳ್ಳೋದು, ಆಮೇಲೆ ಟ್ರಾನ್ಸ್‌ಜೆಂಡರ್ ಜನ ಪಡೋ ಕಷ್ಟಕ್ಕೂ ಅದಕ್ಕೂ ಅವರೇ ಸಂಬಂಧ ಕಂಡುಕೊಳ್ಳೋಕೆ ಬಿಡೋದು. ಪೂರ್ವಗ್ರಹ ಕಡಿಮೆ ಆಯ್ತು, ಮೂರು ತಿಂಗಳಾದ್ಮೇಲೆ ಅಳೆದಾಗಲೂ ಆ ಬದಲಾವಣೆ ಇತ್ತು. ಮಾತಾಡಿದವರು ಟ್ರಾನ್ಸ್‌ಜೆಂಡರ್ ಆಗಿರಲಿ ಇಲ್ಲದಿರಲಿ, ಪರಿಣಾಮ ಬಂತು. ಹಾಗಾಗಿ ಚುನಾವಣೆ ಹೊತ್ತಲ್ಲಿ ಪಾರ್ಟಿ ಬದಲಾಯಿಸೋದು ಕಷ್ಟ, ಆದ್ರೆ ಮನಸ್ಸಿನ ಪೂರ್ವಗ್ರಹ ಬದಲಾಗಲ್ಲ ಅನ್ನೋದು ಸುಳ್ಳು.

ಪ್ರಶ್ನೆ: ನನ್ನ ಮಗಳು ಟೆಕ್ಸಾಸ್‌ನಲ್ಲಿದಾಳೆ. ಪಾರ್ಟಿ ವಿಷಯಕ್ಕೆ ಅಣ್ಣ ತಮ್ಮಂದಿರೇ ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಲ್ಲ ಅಂತಾಳೆ. ಅಷ್ಟು ಕೆಟ್ಟು ಹೋಗಿದೆಯಾ? (ಗೃಹಿಣಿ, ಶಿವಮೊಗ್ಗ)

ಹೌದಮ್ಮ, ನಿಮ್ಮ ಮಗಳು ಹೇಳಿದ್ದು ಸರ್ವೇಗಳಲ್ಲೂ ಕಾಣತ್ತೆ. ಇದನ್ನ ಅಳೆಯೋಕೆ ಅವರು ಆರಿಸಿಕೊಂಡ ಪ್ರಶ್ನೆ ನಮಗೆ ಬಹಳ ಹತ್ತಿರದ್ದು: ನಿಮ್ಮ ಮಗನೋ ಮಗಳೋ ಎದುರು ಪಾರ್ಟಿಯವರನ್ನ ಮದುವೆ ಆದ್ರೆ ನಿಮಗೆ ಬೇಜಾರಾಗತ್ತಾ? 1960ರಲ್ಲಿ ಕೇಳಿದಾಗ ಎರಡೂ ಪಾರ್ಟಿಯಲ್ಲಿ 5 ಪರ್ಸೆಂಟ್ ಆಸುಪಾಸಿನವರು ಮಾತ್ರ ಬೇಜಾರು ಅಂದಿದ್ರು. ಸ್ಟ್ಯಾನ್‌ಫರ್ಡ್‌ನ ಶಾಂತೋ ಅಯ್ಯಂಗಾರ್ ಮತ್ತೆ ಜೊತೆಗಾರರು 2012ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 2010ರ ಉತ್ತರ ಇದೆ, ರಿಪಬ್ಲಿಕನ್ನರಲ್ಲಿ ಹತ್ತಿರ ಹತ್ತಿರ ಅರ್ಧ, ಡೆಮಾಕ್ರಾಟರಲ್ಲಿ ಮೂರನೇ ಒಂದು ಭಾಗ. ಜಾತಿ ನೋಡಿ ನೆಂಟಸ್ತನ ಮಾಡೋರನ್ನ ನಾವು ಕಂಡಿದೀವಲ್ಲ, ಅಲ್ಲಿ ಪಾರ್ಟಿ ಆ ಜಾಗಕ್ಕೆ ಬಂದು ಕೂರ್ತಾ ಇದೆ.

ಆದ್ರೆ ಇಲ್ಲೇ ಸ್ವಲ್ಪ ನಿಧಾನಿಸಬೇಕು. ಸಮಾರಾ ಕ್ಲಾರ್, ಯಾನಾ ಕ್ರುಪ್ನಿಕೋವ್, ಜಾನ್ ರಯಾನ್ ಅನ್ನೋರು 2018ರಲ್ಲಿ ಆ ಪ್ರಶ್ನೆಗೆ ಒಂದೇ ಒಂದು ಮಾತು ಸೇರಿಸಿದ್ರು. ಆ ಅಳಿಯನೋ ಸೊಸೆಯೋ ರಾಜಕೀಯದ ಮಾತೇ ಎತ್ತಲ್ಲ ಅಂತ ಹೇಳಿದ್ರೆ? ಆಗ ಬೇಜಾರು ತುಂಬಾ ಇಳಿದುಹೋಯ್ತು. ಅದೇ, ದಿನಾ ರಾಜಕೀಯ ಮಾತಾಡ್ತಾರೆ ಅಂದ್ರೆ ಎಷ್ಟೋ ಜನಕ್ಕೆ ಸ್ವಂತ ಪಾರ್ಟಿ ಅಳಿಯನೂ ಬೇಡ! ಅಂದ್ರೆ ಜನಕ್ಕೆ ಸಾಕಾಗಿರೋದು ಎದುರು ಪಾರ್ಟಿಯ ಮನುಷ್ಯರಿಂದ ಅನ್ನೋದಕ್ಕಿಂತ ಹೊತ್ತು ಗೊತ್ತಿಲ್ಲದೆ ರಾಜಕೀಯ ಕುಟ್ಟೋರಿಂದ.

ಇನ್ನೊಂದು, ಎದುರಿನವರು ಯಾರು ಅನ್ನೋದೇ ಸರಿಯಾಗಿ ಗೊತ್ತಿಲ್ಲ. ಡಗ್ಲಸ್ ಅಹ್ಲರ್, ಗೌರವ್ ಸೂದ್ ಇಬ್ಬರೂ ಜನರನ್ನ ಕೇಳಿದ್ರು, ರಿಪಬ್ಲಿಕನ್ನರಲ್ಲಿ ವರ್ಷಕ್ಕೆ 2,50,000 ಡಾಲರ್‌ಗಿಂತ ಜಾಸ್ತಿ ದುಡಿಯೋರು ಎಷ್ಟಿರಬಹುದು ಅಂತ. ಸರಾಸರಿ ಉತ್ತರ 38 ಪರ್ಸೆಂಟ್, ನಿಜವಾಗಿ ಇದ್ದಿದ್ದು 2. ಡೆಮಾಕ್ರಾಟರಲ್ಲಿ ಸಲಿಂಗಿ, ದ್ವಿಲಿಂಗಿಗಳು ಎಷ್ಟು ಅಂದ್ರೆ 32 ಅಂದ್ರು, ಇದ್ದಿದ್ದು 6ರ ಆಸುಪಾಸು. ರಾಜಕೀಯದ ಸುದ್ದಿ ಜಾಸ್ತಿ ನೋಡೋರ ಅಂದಾಜೇ ಇನ್ನೂ ಹೆಚ್ಚು ತಪ್ಪಿತ್ತು, ಇದು ನನ್ನನ್ನ ಬಹಳ ಕಾಡಿದ ಸಂಗತಿ. ಸರಿಯಾದ ಅಂಕಿ ಹೇಳಿದಾಗ ದ್ವೇಷ ಸ್ವಲ್ಪ ಕಡಿಮೆ ಆಯ್ತು ಅನ್ನೋದೂ ಅದೇ ಅಧ್ಯಯನದಲ್ಲಿದೆ.

ಇಷ್ಟು ದೂರ ಹೇಗೆ ಬಂದ್ರು ಅಂದ್ರೆ, 1960ರ ದಶಕದ ತನಕ ಎರಡೂ ಪಾರ್ಟಿ ಒಳಗೆ ಲಿಬರಲ್, ಕನ್ಸರ್ವೇಟಿವ್ ಎರಡೂ ಥರದ ಜನ ಇದ್ರು. ಲಿಂಡನ್ ಜಾನ್ಸನ್ ಸಹಿ ಹಾಕಿದ 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಸೆನೆಟ್‌ನಲ್ಲಿ 33 ರಿಪಬ್ಲಿಕನ್ನರಲ್ಲಿ 27 ಜನ ಪರ ಇದ್ರು, ಜಾನ್ಸನ್‌ರ ಸ್ವಂತ ಡೆಮಾಕ್ರಾಟಿಕ್ ಪಾರ್ಟಿಯ 67ರಲ್ಲಿ 46, ವಿರೋಧ ಮಾಡಿದ ಬಹುಪಾಲು ದಕ್ಷಿಣದ ಡೆಮಾಕ್ರಾಟರು. ಆಮೇಲೆ ದಕ್ಷಿಣದ ಬಿಳಿಯರು ನಿಧಾನಕ್ಕೆ, ಒಂದು ತಲೆಮಾರು ದಾಟಿ, ರಿಪಬ್ಲಿಕನ್ ಕಡೆ ಹೋದ್ರು, ಕಪ್ಪು ಮತದಾರರು ಡೆಮಾಕ್ರಾಟರ ಕಡೆ ಗಟ್ಟಿಯಾದ್ರು. ಧರ್ಮ, ಬಣ್ಣ, ಹಳ್ಳಿ ಪಟ್ಟಣ, ಓದು ಎಲ್ಲಾ ಒಂದೇ ಗೆರೆಯ ಈಚೆ ಆಚೆ ಸೇರಿಕೊಂಡ್ವು. ಮೊದಲು ಚರ್ಚಲ್ಲೋ ಯೂನಿಯನ್ನಲ್ಲೋ ಎದುರು ಪಾರ್ಟಿಯವರು ಪಕ್ಕದಲ್ಲೇ ಕೂತಿರ್ತಿದ್ರು, ಈಗ ಅಂಥ ಜಾಗಗಳೇ ಕಮ್ಮಿ.

ಪ್ರಶ್ನೆ: ಜಾಸ್ತಿ ವೋಟ್ ಬಿದ್ದವರು ಸೋಲೋದು ಯಾವ ನ್ಯಾಯ? ಅದನ್ನ ಯಾಕೆ ಬದಲಾಯಿಸಲ್ಲ? (ಲಾಯರ್, ಹುಬ್ಬಳ್ಳಿ)

2000ದಲ್ಲಿ ಅಲ್ ಗೋರ್, 2016ರಲ್ಲಿ ಹಿಲರಿ ಕ್ಲಿಂಟನ್, ಇಬ್ಬರಿಗೂ ದೇಶದ ಒಟ್ಟು ವೋಟಲ್ಲಿ ಮುನ್ನಡೆ ಇತ್ತು, ಕ್ಲಿಂಟನ್‌ಗೆ ಸುಮಾರು 29 ಲಕ್ಷ. ಎಣಿಕೆ ಆಗೋದು ರಾಜ್ಯವಾರು, ಅಧ್ಯಕ್ಷರನ್ನ ಆರಿಸೋ ರಾಜ್ಯಗಳ ಪ್ರತಿನಿಧಿಗಳು, ಅಂದ್ರೆ ಎಲೆಕ್ಟರ್‌ಗಳು, ಒಟ್ಟು 538, ಗೆಲ್ಲೋಕೆ 270 ಬೇಕು, ಮೇಯ್ನ್ ಮತ್ತೆ ನೆಬ್ರಾಸ್ಕಾ ಬಿಟ್ರೆ ಉಳಿದ 48 ರಾಜ್ಯಗಳಲ್ಲಿ ಒಂದು ವೋಟ್ ಜಾಸ್ತಿ ಬಂದವರಿಗೆ ಆ ರಾಜ್ಯದ ಎಲ್ಲಾ ಎಲೆಕ್ಟರ್‌ಗಳೂ. 2000ದಲ್ಲಿ ಫ್ಲೋರಿಡಾದ 537 ವೋಟಿನ ಮೇಲೆ ಅಧ್ಯಕ್ಷ ಯಾರು ಅನ್ನೋದು ನಿಂತಿತ್ತು. ಬದಲಾಯಿಸೋಕೆ ಹೊರಟಿಲ್ಲ ಅಂತೇನಲ್ಲ, 1969ರಲ್ಲಿ ಕೆಳಮನೆ 338 ಕ್ಕೆ 70 ವೋಟಲ್ಲಿ ನೇರ ಚುನಾವಣೆಗೆ ಒಪ್ಪಿತ್ತು, ಮರು ವರ್ಷ ಸೆನೆಟ್‌ನಲ್ಲಿ ಮಾತು ಉದ್ದ ಎಳೆದು ಅದನ್ನ ಮುಳುಗಿಸಿದ್ರು. ಈಗ ತಿದ್ದುಪಡಿಗೆ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು ಒಪ್ಪಬೇಕು, ಲಾಭ ಇರೋ ರಾಜ್ಯಗಳು ಯಾಕೆ ಒಪ್ತವೆ ಹೇಳಿ.

ಪ್ರಶ್ನೆ: ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಅಲ್ಲಿ ಎಂಪಿ ಆಗಿದಾರಂತಲ್ಲ, ಭಾರತೀಯರ ವೋಟಿಂದ ಗೆದ್ರಾ? (ಕಾಲೇಜು ಹುಡುಗ, ಬೆಳಗಾವಿ)

ಖಂಡಿತ ಅಲ್ಲ, ಅವರು ನಿಂತಿದ್ದು ಡೆಟ್ರಾಯಿಟ್ ಇರೋ ಮಿಷಿಗನ್ 13ನೇ ಕ್ಷೇತ್ರ, ಅಲ್ಲಿ ಭಾರತೀಯರ ಸಂಖ್ಯೆ ಸಣ್ಣದು. ಅವರು ಗೆದ್ದ ರೀತಿ ಅಮೆರಿಕದ ವ್ಯವಸ್ಥೆ ಅರ್ಥ ಮಾಡಿಕೊಳ್ಳೋಕೆ ಒಳ್ಳೆ ಪಾಠ. ಅದು ಡೆಮಾಕ್ರಾಟರ ಭದ್ರಕೋಟೆ, ನವೆಂಬರ್ ಚುನಾವಣೆ ಹೆಸರಿಗೆ ಮಾತ್ರ, ನಿಜವಾದ ಜಗಳ ಆಗಸ್ಟ್‌ನ ಪ್ರೈಮರಿಯಲ್ಲಿ. 2022ರ ಆ ಪ್ರೈಮರಿಗೆ ತುಂಬಾ ಜನ ನಿಂತ್ರು, ವೋಟ್ ಒಡೆದುಹೋಯ್ತು, ಸ್ವಂತ ದುಡ್ಡು ಧಾರಾಳವಾಗಿ ಹಾಕಿದ್ದ ಥಾಣೇದಾರ್ ಸುಮಾರು 28 ಪರ್ಸೆಂಟ್ ತಗೊಂಡು ಗೆದ್ರು. ಮೇಲೆ ಹೇಳಿದೆನಲ್ಲ, ಪ್ರೈಮರಿಗಳಲ್ಲಿ ಪ್ರಚಾರಕ್ಕೆ ಬೆಲೆ ಇದೆ ಅಂತ, ಅದು ಇಲ್ಲಿ ಕಾಣತ್ತೆ. ಕೆಳಮನೆಯ ಬಹುಪಾಲು ಸೀಟುಗಳು ಹೀಗೇ ಒಂದಲ್ಲ ಒಂದು ಪಾರ್ಟಿಗೆ ಮೀಸಲಿದ್ದ ಹಾಗೆ, ಮತ್ತೆ ನಿಂತ ಹಾಲಿ ಸದಸ್ಯರಲ್ಲಿ ಸಾಮಾನ್ಯವಾಗಿ 90 ಪರ್ಸೆಂಟ್‌ಗಿಂತ ಜಾಸ್ತಿ ಗೆದ್ದೇ ಬರ್ತಾರೆ. ಇದೆಲ್ಲಾ ಕ್ಷೇತ್ರಗಳ ಗಡಿ ಹಾಕೋರ ಕೈಚಳಕ ಅಂತ ಹೇಳೋದು ರೂಢಿ, ಅದೂ ಇದೆ, ಆದ್ರೆ ಜೊವೆಯಿ ಚೆನ್ ಮತ್ತೆ ಜೊನಾಥನ್ ರಾಡೆನ್ 2013ರಲ್ಲಿ ತೋರಿಸಿದ ಹಾಗೆ, ಡೆಮಾಕ್ರಾಟರು ನಗರಗಳಲ್ಲಿ ಒತ್ತೊತ್ತಾಗಿ ಇರೋದರಿಂದ ಕಂಪ್ಯೂಟರ್ ಕೈಲಿ ಪಕ್ಷಪಾತ ಇಲ್ಲದೆ ಗಡಿ ಹಾಕಿಸಿದ್ರೂ ಅವರ ವೋಟು ಕೆಲವೇ ಕ್ಷೇತ್ರಗಳಲ್ಲಿ ಗುಡ್ಡೆ ಬಿದ್ದು ಪೋಲಾಗತ್ತೆ.

ಭಾರತೀಯ ಮೂಲದವರ ಬಗ್ಗೆ ಕಾರ್ನೆಗಿ ಸಂಸ್ಥೆಯ ಸರ್ವೇ ಇದೆ. 2020ರಲ್ಲಿ ಬೈಡನ್‌ಗೆ ಹಾಕ್ತೀವಿ ಅಂದವರು 72 ಪರ್ಸೆಂಟ್, ಟ್ರಂಪ್‌ಗೆ 22. 2024ರಲ್ಲಿ ತಾಯಿ ಕಡೆಯಿಂದ ಭಾರತೀಯರೇ ಆದ ಕಮಲಾ ಹ್ಯಾರಿಸ್ ನಿಂತಿದ್ರೂ 61, ಟ್ರಂಪ್‌ಗೆ 32. ಒಲವು ಸರಿದಿದ್ದು ಮುಖ್ಯವಾಗಿ ಚಿಕ್ಕ ವಯಸ್ಸಿನ ಗಂಡಸರಲ್ಲಿ. ನಮ್ಮವರು ನಿಂತ್ರೆ ನಮ್ಮವರೆಲ್ಲ ಹಾಕ್ತಾರೆ ಅನ್ನೋ ಲೆಕ್ಕ ಅಲ್ಲಿ ನಡೆಯಲಿಲ್ಲ.

ಪ್ರಶ್ನೆ: ಬರಗಾಲ ಬಂದ್ರೆ ಜನ ಆಳೋರನ್ನ ಬೈತಾರೆ. ಅಲ್ಲೂ ಹೀಗೇನಾ? (ರೈತರು, ಕಲಬುರಗಿ)

ಇದರ ಮೇಲೆ ಅಲ್ಲಿ ದೊಡ್ಡ ವಾದವೇ ನಡೆದಿದೆ. 1916ರ ಜುಲೈನಲ್ಲಿ ನ್ಯೂಜೆರ್ಸಿ ಕಡಲತೀರದಲ್ಲಿ ಶಾರ್ಕ್ ದಾಳಿಗೆ ನಾಲ್ಕು ಜನ ಸತ್ತರು, ಪ್ರವಾಸಿಗಳು ಬರೋದು ನಿಲ್ತು, ಹೋಟೆಲಿನವರು ಕಂಗಾಲಾದ್ರು. ಆ ನವೆಂಬರ್‌ನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ಕರಾವಳಿ ಕೌಂಟಿಗಳಲ್ಲಿ ಸುಮಾರು 3 ಪಾಯಿಂಟ್ ವೋಟ್ ಕಡಿಮೆ ಬಿತ್ತು, ಶಾರ್ಕಿಗೆ ಅಧ್ಯಕ್ಷರು ಏನು ಮಾಡೋಕಾಗ್ತಿತ್ತು ಅಂತ ಕ್ರಿಸ್ಟೋಫರ್ ಆಚೆನ್, ಲ್ಯಾರಿ ಬಾರ್ಟೆಲ್ಸ್ ವಾದ ಮಾಡಿದ್ರು, ಜನ ಕುರುಡಾಗಿ ಶಿಕ್ಷೆ ಕೊಡ್ತಾರೆ ಅಂತ. ಬಹಳ ವರ್ಷ ಇದು ಪಾಠವೇ ಆಗಿಹೋಗಿತ್ತು. 2018ರಲ್ಲಿ ಆಂಟನಿ ಫೌಲರ್ ಮತ್ತೆ ಆಂಡ್ರೂ ಹಾಲ್, ಒಂದು ಊರಿನ ಒಂದು ವರ್ಷ ಯಾಕೆ, ಅಮೆರಿಕದಲ್ಲಿ ಜೀವ ತೆಗೆದ ಶಾರ್ಕ್ ದಾಳಿಗಳನ್ನೆಲ್ಲಾ ತಗೊಂಡು ನೋಡೋಣ ಅಂತ ನೋಡಿದ್ರೆ ಅಂಥ ಪರಿಣಾಮ ಇದೆ ಅನ್ನೋಕೆ ಪುರಾವೆ ಸಿಗಲಿಲ್ಲ. ನನಗೆ ಎರಡನೆಯವರ ವಾದವೇ ಗಟ್ಟಿ ಅನ್ಸತ್ತೆ. ಮಳೆ ಬರದೇ ಇದ್ದಾಗ ಜನ ಬೈಯೋದು ಮಳೆಗಲ್ಲ, ಪರಿಹಾರ ಕೊಟ್ರಾ, ಬಂದು ನೋಡಿದ್ರಾ ಅಂತ ಕೇಳೋದು, ಅದು ಸರಿಯಾದ ಪ್ರಶ್ನೆಯೇ.

ಪ್ರಶ್ನೆ: ಅಮೆರಿಕಾನ ಆಳೋದು ಶ್ರೀಮಂತರು, ಜನರ ಮಾತು ನಡೆಯಲ್ಲ ಅಂತ ಒಂದು ಅಧ್ಯಯನ ಸಾಬೀತು ಮಾಡಿದೆ ಅಂತ ವಾಟ್ಸಾಪಲ್ಲಿ ಬರ್ತಿರತ್ತೆ. ನಿಜಾನಾ? (ಶಿಕ್ಷಕಿ, ತುಮಕೂರು)

ಅದು ಮಾರ್ಟಿನ್ ಗಿಲೆನ್ಸ್ ಮತ್ತೆ ಬೆಂಜಮಿನ್ ಪೇಜ್ 2014ರಲ್ಲಿ ಬರೆದಿದ್ದು. 1,779 ನೀತಿ ವಿಷಯ ತಗೊಂಡು ಸಾಮಾನ್ಯರು ಏನು ಬಯಸಿದ್ರು, ಶ್ರೀಮಂತರು ಏನು ಬಯಸಿದ್ರು, ಕೊನೆಗೆ ಏನಾಯ್ತು ಅಂತ ನೋಡಿದ್ರು. ಶ್ರೀಮಂತರ ಮತ್ತೆ ಲಾಬಿ ಗುಂಪುಗಳ ಇಷ್ಟಕ್ಕೆ ಪ್ರಭಾವ ಕಂಡಿತು, ಅವೆರಡನ್ನೂ ಲೆಕ್ಕಕ್ಕೆ ತಗೊಂಡಮೇಲೆ ಸಾಮಾನ್ಯರದ್ದಕ್ಕೆ ಹೆಚ್ಚೂ ಕಡಿಮೆ ಇಲ್ಲವೇ ಇಲ್ಲ. ಆದ್ರೆ ಅದೇ ಡೇಟಾನ ಬೇರೆಯವರು ಮತ್ತೆ ತೆಗೆದು ನೋಡಿದಾಗ, ಸುಮಾರು 90 ಪರ್ಸೆಂಟ್ ವಿಷಯಗಳಲ್ಲಿ ಮಧ್ಯಮ ವರ್ಗದ ಬಹುಮತವೂ ಶ್ರೀಮಂತರ ಬಹುಮತವೂ ಒಂದೇ ಕಡೆ ಇತ್ತು. ಜಗಳ ಬಂದ ಉಳಿದ ವಿಷಯಗಳಲ್ಲಿ ಶ್ರೀಮಂತರು ಗೆದ್ದಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಾಗಾಗಿ ಸಾಬೀತಾಗಿದೆ ಅಂತ ಫಾರ್ವರ್ಡ್ ಮಾಡೋದು ತಪ್ಪು.

ಆದ್ರೆ ದುಡ್ಡಿಗೆ ಬಾಗಿಲು ಬೇಗ ತೆರೆಯತ್ತೆ ಅನ್ನೋದಕ್ಕೆ ನೇರವಾದ ಪ್ರಯೋಗ ಇದೆ. ಮತ್ತೆ ಅದೇ ಕಲ್ಲಾ, ಬ್ರೂಕ್‌ಮನ್. ಒಂದು ಸಂಘಟನೆ ಜೊತೆ ಸೇರಿ 191 ಕಾಂಗ್ರೆಸ್ ಸದಸ್ಯರ ಕಚೇರಿಗೆ ಮೀಟಿಂಗ್ ಕೇಳಿ ಇಮೇಲ್ ಹಾಕಿದ್ರು, ಕೆಲವಕ್ಕೆ ಬರೋರು ಕ್ಷೇತ್ರದ ಜನ ಅಂತ, ಕೆಲವಕ್ಕೆ ಬರೋರು ದೇಣಿಗೆ ಕೊಡೋರು ಅಂತ. ದೇಣಿಗೆಯವರು ಅಂದಾಗ ಸದಸ್ಯರೋ ಹಿರಿಯ ಅಧಿಕಾರಿಗಳೋ ಸಿಕ್ಕಿದ್ದು ಮೂರ್ನಾಲ್ಕು ಪಟ್ಟು ಜಾಸ್ತಿ. ಜನ ಅವರೇ, ವಿಷಯ ಅದೇ, ಬದಲಾಗಿದ್ದು ಒಂದು ಮಾತು. ಇದನ್ನ ಓದಿದಾಗ ನನಗೆ ನಿಜವಾಗಲೂ ಬೇಸರ ಆಯ್ತು.

ಇನ್ನು ಜನರ ಮಾತು ನಿಲ್ಲೋಕೆ ದುಡ್ಡೇ ಕಾರಣ ಆಗಬೇಕಿಲ್ಲ, ನಿಯಮಗಳೇ ಸಾಕು. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೇಲಿ 20 ಪುಟ್ಟ ಮಕ್ಕಳನ್ನ ಗುಂಡಿಟ್ಟು ಕೊಂದಮೇಲೆ, ಬಂದೂಕು ಕೊಳ್ಳೋರ ಹಿನ್ನೆಲೆ ಪರಿಶೀಲನೆ ವಿಸ್ತರಿಸೋ ಪ್ರಸ್ತಾವ ಸೆನೆಟ್‌ಗೆ ಬಂತು, ಸರ್ವೇಗಳಲ್ಲಿ 90 ಪರ್ಸೆಂಟ್ ಆಸುಪಾಸಿನ ಜನ ಪರ. 2013ರ ಏಪ್ರಿಲ್‌ನಲ್ಲಿ 54 ವೋಟ್ ಪರ, 46 ವಿರುದ್ಧ, ಆದ್ರೂ ಬಿತ್ತು, ಯಾಕಂದ್ರೆ ಅಲ್ಲಿ ಚರ್ಚೆ ಮುಗಿಸೋಕೆ 60 ಬೇಕು. ಅದರ ಮೇಲೆ ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಇಬ್ಬರು ಸೆನೆಟರ್, ನಾಲ್ಕು ಕೋಟಿ ಹತ್ತಿರ ಇರೋ ಕ್ಯಾಲಿಫೋರ್ನಿಯಾಗೂ ಇಬ್ಬರೇ.

ಪ್ರಶ್ನೆ: ಸಮೀಕ್ಷೆಗಳು ಯಾಕೆ ಸುಳ್ಳಾಗ್ತವೆ? (ಓದುಗರು, ಉಡುಪಿ)

ಫೋನ್ ಯಾರೂ ಎತ್ತಲ್ಲ, ಅದು ಮೊದಲ ಕಾರಣ. ಪ್ಯೂ ಸಂಸ್ಥೆಯ ಫೋನ್ ಸರ್ವೇಗೆ 1997ರಲ್ಲಿ 36 ಪರ್ಸೆಂಟ್ ಜನ ಉತ್ತರ ಕೊಡ್ತಿದ್ರು, 2018ಕ್ಕೆ ಅದು 6ಕ್ಕೆ ಇಳಿದಿತ್ತು. ಉತ್ತರ ಕೊಡೋರು ಕೊಡದವರಿಗಿಂತ ಬೇರೆ ಥರದವರಾದ್ರೆ ಎಷ್ಟು ಸಾವಿರ ಜನರನ್ನ ಕೇಳಿದ್ರೂ ಪ್ರಯೋಜನ ಇಲ್ಲ. 2020ರಲ್ಲಿ ಬೈಡನ್ ಗೆದ್ದಿದ್ದರಿಂದ ಯಾರೂ ಅಷ್ಟಾಗಿ ಗಮನಿಸಲಿಲ್ಲ, ಆದ್ರೆ ಸಮೀಕ್ಷೆ ಮಾಡೋರ ಸಂಘವೇ ನಡೆಸಿದ ತನಿಖೆ ಪ್ರಕಾರ ಆ ವರ್ಷದ ತಪ್ಪು 40 ವರ್ಷದಲ್ಲೇ ಅತಿ ಹೆಚ್ಚು.

ಪ್ರಶ್ನೆ: ನಾನು ಎಂಎ ಪ್ರಬಂಧಕ್ಕೆ ಇಂಥ ಡೇಟಾ ಬಳಸಬೇಕು ಅನ್ಕೊಂಡಿದೀನಿ. ನಮ್ಮಂಥವರಿಗೆ ಸಿಗತ್ತಾ? ಭಾರತದಲ್ಲಿ ಇಂಥದ್ದು ಆಗಿದೆಯಾ? (ವಿದ್ಯಾರ್ಥಿ, ಧಾರವಾಡ)

ಎರಡಕ್ಕೂ ಹೌದು. 1948ರಿಂದ ನಡೀತಿರೋ ಆ ಸರ್ವೇಗೆ ಈಗ ಅಮೆರಿಕನ್ ನ್ಯಾಷನಲ್ ಎಲೆಕ್ಷನ್ ಸ್ಟಡೀಸ್ ಅಂತ ಹೆಸರು, ವೆಬ್‌ಸೈಟಲ್ಲಿ ಹೆಸರು ನೋಂದಾಯಿಸಿದ್ರೆ ಪೂರ್ತಿ ಡೇಟಾ ಬಿಟ್ಟಿ ಸಿಗತ್ತೆ, ಧಾರವಾಡದಲ್ಲಿ ಕೂತೇ ಇಳಿಸ್ಕೋಬಹುದು. ಭಾರತಕ್ಕೂ ಅದಕ್ಕೂ ಹಳೇ ನಂಟಿದೆ, ಸ್ಯಾಮ್ಯುಯೆಲ್ ಎಲ್ಡರ್ಸ್‌ವೆಲ್ಡ್ ಅನ್ನೋ ಮಿಷಿಗನ್ ಪ್ರೊಫೆಸರ್ 1950ರ ದಶಕದಲ್ಲೇ ತಮ್ಮ ಊರು ಆ್ಯನ್ ಆರ್ಬರ್‌ನಲ್ಲಿ ಮನೆ ಮನೆ ಪ್ರಯೋಗ ಮಾಡಿದ್ದವರು, ಅದೇ ಊರಿನ ಮೇಯರೂ ಆಗಿದ್ರು, ಆಮೇಲೆ ದೆಹಲಿಯ ಸಿಎಸ್‌ಡಿಎಸ್ ಅನ್ನೋ ಸಂಶೋಧನಾ ಸಂಸ್ಥೆಯ ಬಶೀರುದ್ದೀನ್ ಅಹ್ಮದ್ ಜೊತೆ ಸೇರಿ ಭಾರತದ ಮತದಾರರ ಮೇಲೂ ಕೆಲಸ ಮಾಡಿದ್ರು. ಸಿಎಸ್‌ಡಿಎಸ್ 1967ರ ಚುನಾವಣೆಗೆ ದೇಶಮಟ್ಟದ ಸರ್ವೇ ಮಾಡಿದೆ, ಈಗ ಅವರ ಲೋಕನೀತಿ ವಿಭಾಗ ಆ ಕೆಲಸ ಮುಂದುವರಿಸ್ತಿದೆ, ಅವರ ವರದಿಗಳು ಇಂಟರ್‌ನೆಟ್‌ನಲ್ಲಿವೆ, ಮೂಲ ಡೇಟಾ ಬೇಕಿದ್ರೆ ಗೈಡ್ ಸಹಿಯ ಪತ್ರ ಇಟ್ಟು ಕೇಳಿ ನೋಡಿ.

ಲೆಕ್ಕಕ್ಕೆ ಆರ್ ಅನ್ನೋ ಸಾಫ್ಟ್‌ವೇರ್ ಸಾಕು, ಅದಕ್ಕೂ ದುಡ್ಡಿಲ್ಲ. ಒಂದೇ ಒಂದು ಕಿವಿಮಾತು, ಡೇಟಾ ಫೈಲ್ ತೆಗೆಯೋಕೆ ಮುಂಚೆ ಅದರ ಜೊತೆ ಬರೋ ಕೋಡ್‌ಬುಕ್ ಓದಿ, ಪ್ರಶ್ನೆ ಯಾವ ಮಾತಲ್ಲಿ ಕೇಳಿದಾರೆ, ಯಾವ ವರ್ಷ ಅದನ್ನ ಬದಲಾಯಿಸಿದಾರೆ, ಉತ್ತರ ಕೊಡದವರನ್ನ ಯಾವ ಅಂಕಿಯಿಂದ ಗುರುತು ಮಾಡಿದಾರೆ ಅನ್ನೋದೆಲ್ಲ ಇರೋದು ಅಲ್ಲೇ. ಪ್ರಬಂಧದ ವಿಷಯ ಗಟ್ಟಿಯಾದ್ಮೇಲೆ ಮತ್ತೆ ಬರೀರಿ, ಯಾವ ಯಾವ ಕಾಲಂ ತಗೋಬೇಕು ಅಂತ ಒಟ್ಟಿಗೆ ನೋಡೋಣ.